ಬೆಟ್ಟದ ಮೇಲೆ ಒಂದು ರಾತ್ರಿಯ ಆಸರೆ

ಕ್ಯಾಲನೂರಿನ ಬಯಲಿನಲ್ಲಿ ಬೆಳೆದ ನಮಗೆ ಬೆಟ್ಟವೆಂದರೆ ಕೋಲಾರದ ಬೆಟ್ಟ. ಶಾಲೆಯ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿ, ಅಂತರಗಂಗೆಯ ಮೆಟ್ಟಿಲು ಏರಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಕತ್ತಲಾಗುವ ಮೊದಲೇ ಮನೆ ಸೇರುವುದು ವಾಡಿಕೆಯಾಗಿತ್ತು. ಬೆಟ್ಟದಲ್ಲಿ ರಾತ್ರಿ ಉಳಿಯುವ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. 2000ದ ನಂತರದ ವರ್ಷಗಳಲ್ಲಿ ಶನಿವಾರದ ರಾತ್ರಿಗಳಂದು ಬೆಂಗಳೂರಿನಿಂದ ಯುವಕ ಯುವತಿಯರು ಬೆನ್ನಿಗೆ ಚೀಲ ಹಾಕಿ, ಕೈಯಲ್ಲಿ ಟಾರ್ಚು ಹಿಡಿದು ಬರತೊಡಗಿದರು. ಬಂಡೆಗಳ ನಡುವಿನ ಗವಿಗಳಲ್ಲಿ ನುಸುಳಿ, ಮೇಲೆ ಬಯಲಿನಲ್ಲಿ ಮಲಗಿ, ಸೂರ್ಯೋದಯ ನೋಡಿ ಇಳಿಯುವ ಈ ನಡಿಗೆಗೆ ‘ನೈಟ್ ಟ್ರೆಕ್’ ಎಂಬ ಹೆಸರೂ ತಲೆಗಿಷ್ಟು ಎಂಬ ದರವೂ ಇತ್ತು. ಇದನ್ನು ಕೇಳಿದ ನಮ್ಮೂರಿನ ಕುರಿ ಕಾಯುವ ಹಿರಿಯರೊಬ್ಬರು, “ಬೆಟ್ಟದ ಮೇಲೆ ಮಲಗೋಕೂ ದುಡ್ಡು ಕೊಡಬೇಕೇನಪ್ಪಾ?” ಎಂದು ಕೇಳಿದ್ದರು.

ಆಗ ನಾವೂ ನಕ್ಕಿದ್ದೆವು. ಈಗ ಅದು ನಗುವ ಪ್ರಶ್ನೆಯಾಗಿ ಕಾಣುತ್ತಿಲ್ಲ. ಬೆಟ್ಟದ ದಾರಿಯಲ್ಲಿ ನಡೆದು ಬಂದವನಿಗೆ ಒಂದು ರಾತ್ರಿಯ ಆಸರೆ ಕೊಡುವವರು ಯಾರು? ಯಾವ ಷರತ್ತಿನ ಮೇಲೆ ಕೊಡುತ್ತಾರೆ? ನಮ್ಮ ನಾಡಿನ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲದ ಜನ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ನೀರಿದ್ದಲ್ಲಿ ನೆರಳು

ಕೋಲಾರ ಪಟ್ಟಣದ ಪಶ್ಚಿಮಕ್ಕೆ 3–4 ಕಿ.ಮೀ. ದೂರದಲ್ಲಿರುವ ಈ ಬೆಟ್ಟಸಾಲಿಗೆ ಶತಶೃಂಗ ಎಂಬ ಹೆಸರಿದೆ. ನೂರು ಕೋಡುಗಳ ಬೆಟ್ಟ ಎಂದರ್ಥ. ಸಮುದ್ರಮಟ್ಟದಿಂದ ಸುಮಾರು 1200 ಮೀಟರ್ ಎತ್ತರದ ಈ ಬೆಟ್ಟದ ಗವಿಗಳನ್ನು ಯಾರೂ ಕಡೆದಿಲ್ಲ. ಉರುಳಿದ ಹೆಬ್ಬಂಡೆಗಳು ಒಂದರ ಮೇಲೊಂದು ಒರಗಿ ನಿಂತಾಗ ಉಳಿದ ಸಂದುಗಳೇ ಗವಿಗಳಾಗಿವೆ. ಮೇಲೆ ಹತ್ತಿದರೆ ತೇರಹಳ್ಳಿಯಂತಹ ಊರುಗಳು, ಹೊಲಗಳು, ದನಕರುಗಳು ಎದುರಾಗುತ್ತವೆ. ಕೆಳಗಿನವರಿಗೆ ಅದು ಬೆಟ್ಟ, ಮೇಲಿನವರಿಗೆ ಅದೇ ಊರು. ಚಾರಣಿಗರು ‘ನಿರ್ಜನ ತಾಣ’ ಎಂದುಕೊಂಡು ಬರುವ ಜಾಗದಲ್ಲಿ ತಲೆತಲಾಂತರದಿಂದ ಒಲೆ ಉರಿಯುತ್ತಿದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಇಂತಹ ನಾಡಿನಲ್ಲಿ ಬತ್ತದ ಒಂದು ಊಟೆ ಇದ್ದರೆ ಅಲ್ಲಿ ಮೊದಲು ದನಗಾಹಿ, ಆಮೇಲೆ ತಪಸ್ವಿ, ಅವರ ಹಿಂದೆ ಯಾತ್ರಿಕ ಬಂದು ಸೇರುವುದು ಸಹಜ. ಅಂತರಗಂಗೆಯ ಕಾಶಿ ವಿಶ್ವೇಶ್ವರ ಗುಡಿ ಅಂತಹ ಜಾಗ. ಮುಳಬಾಗಿಲು ತಾಲ್ಲೂಕಿನ ಆವಣಿ ಇನ್ನೊಂದು. ಸೀತೆ ಲವಕುಶರನ್ನು ಹೆತ್ತದ್ದು ಆವಣಿ ಬೆಟ್ಟದಲ್ಲಿ ಎಂಬುದು ಜನರ ನಂಬಿಕೆ. ಅಲ್ಲಿ 10ನೆಯ ಶತಮಾನದಲ್ಲಿ ಇದ್ದ ತ್ರಿಭುವನಕರ್ತಾರ ಎಂಬ ಶೈವ ಯತಿ ನಲವತ್ತು ವರ್ಷ ಆ ಸ್ಥಾನವನ್ನು ನಡೆಸಿದನೆಂದು, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ದೇಗುಲಗಳ ಲೆಕ್ಕದ ಜೊತೆಗೆ ಕೆರೆಗಳ ಲೆಕ್ಕವನ್ನೂ ಶಾಸನ ಬರೆದಿಟ್ಟದ್ದು ಗಮನಿಸಬೇಕಾದ ಸಂಗತಿ. ಬಂದವರನ್ನು ಉಳಿಸಿಕೊಳ್ಳಬೇಕಾದರೆ ಮೊದಲು ನೀರು ಬೇಕು ಎಂಬುದು ಆ ಯತಿಗೆ ಗೊತ್ತಿತ್ತು. ಇಂದಿಗೂ ಶಿವರಾತ್ರಿಯ ಹೊತ್ತಿಗೆ ಆವಣಿಯ ದನಗಳ ಜಾತ್ರೆಗೆ ಬಂದ ರೈತರು ತಮ್ಮ ಎತ್ತುಗಳ ಪಕ್ಕದಲ್ಲೇ ರಾತ್ರಿ ಕಳೆಯುತ್ತಾರೆ.

ಮೂಡಲ ಬಾಗಿಲಿನ ದಾರಿ

ಮುಳಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂದದ್ದು. ಪ್ರಸ್ಥಭೂಮಿಯಿಂದ ಪೂರ್ವಕ್ಕೆ, ತಿರುಪತಿಯ ಕಡೆಗೆ ಇಳಿಯುವವರ ಹೆಬ್ಬಾಗಿಲು ಅದು. ತಿರುಪತಿಗೆ ಹೋಗುವ ಯಾತ್ರಿಕರು ಇಲ್ಲಿನ ನರಸಿಂಹ ತೀರ್ಥದಲ್ಲಿ ಮಿಂದು ಮುಂದೆ ಹೋಗುವುದು ಹಳೆಯ ಪದ್ಧತಿ. 15ನೆಯ ಶತಮಾನದ ಶ್ರೀಪಾದರಾಜರ ಬೃಂದಾವನ ಇರುವುದೂ ಅಲ್ಲಿಯೇ. ಅದೇ ಊರಿನಲ್ಲಿ ಹೈದರ್ ವಲಿ ದರ್ಗಾ ಇದೆ. ಒಂದೇ ದಾರಿ, ಒಂದೇ ಬೆಟ್ಟದ ಬುಡ, ಎರಡು ಆಶ್ರಯಗಳು. ಕಾಲು ನೋಯುತ್ತಾ ಬಂದವನು ತನಗೆ ಒಗ್ಗಿದ ಕಡೆ ಗಂಟುಮೂಟೆ ಇಳಿಸುತ್ತಿದ್ದ.

ದಾರಿಹೋಕರ ಆಸರೆಯ ಬಗ್ಗೆ ನಮ್ಮ ಘಟ್ಟದ ಕೆಳಗಿನ ನಾಡಿನಿಂದ ಒಂದು ಅಪರೂಪದ ಸಾಕ್ಷ್ಯವಿದೆ. 14ನೆಯ ಶತಮಾನದ ನಡುವಿನಲ್ಲಿ ಇಬ್ನ್ ಬತೂತ ಹೊನ್ನಾವರ, ಬಾರಕೂರು, ಮಂಗಳೂರುಗಳ ಮೂಲಕ ಸಾಗಿದ. ಗೋವೆಯಿಂದ ಕೊಲ್ಲಂವರೆಗಿನ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ಮನೆ, ಅದರೊಳಗೆ ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನು ಅವನು ದಾಖಲಿಸಿದ್ದಾನೆ. ಮುಸ್ಲಿಮರಾಗಲಿ ಇತರರಾಗಲಿ ಯಾರು ಬೇಕಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಆದರೆ ಮುಸ್ಲಿಮೇತರರಿಗೆ ಪಾತ್ರೆಯಲ್ಲಿ ನೀರು ಕೊಟ್ಟರೆ ಮುಸ್ಲಿಮರಿಗೆ ಬೊಗಸೆಗೆ ಸುರಿಯುತ್ತಿದ್ದರು. ಊಟವನ್ನು ಬಾಳೆಲೆಯ ಮೇಲೆ ಬಡಿಸುತ್ತಿದ್ದರೇ ಹೊರತು ಪಾತ್ರೆ ಮುಟ್ಟಗೊಡುತ್ತಿರಲಿಲ್ಲ ಎಂಬುದನ್ನೂ ಅವನು ಮರೆಮಾಚದೆ ಬರೆದಿದ್ದಾನೆ.

ಈ ಒಂದು ಚಿತ್ರದಲ್ಲಿ ನಮ್ಮ ಸಮಾಜದ ಒಳಿತು ಕೆಡುಕುಗಳೆರಡೂ ಇವೆ. ಸೂರು ಎಲ್ಲರದು, ಪಾತ್ರೆ ಎಲ್ಲರದಲ್ಲ. ಹಳೆಯ ಕಾಲದ ಆತಿಥ್ಯವನ್ನು ಹೊಗಳುವಾಗ ಬೊಗಸೆಗೆ ಸುರಿದ ಆ ನೀರನ್ನು ನಾವು ಮರೆಯಬಾರದು. ದಲಿತರಿಗೆ ಆ ಜಗಲಿಯೂ ಸಿಗದ ಊರುಗಳು ಎಷ್ಟೋ ಇದ್ದವು. ಮೈಸೂರು ಸಂಸ್ಥಾನದಲ್ಲಿ ಮುಜರಾಯಿ ಇಲಾಖೆ ಛತ್ರಗಳನ್ನು ನೋಡಿಕೊಳ್ಳುತ್ತಿತ್ತು. ಮುಜರಾಯಿ ಎಂಬ ಪದ ಪಾರ್ಸಿಯಿಂದ ಬಂದದ್ದು, ಛತ್ರ ಸಂಸ್ಕೃತದ್ದು. ಭಾಷೆಗಳು ಹೀಗೆ ಒಂದೇ ಸೂರಿನಡಿ ಕೂಡಿಕೊಂಡರೂ ಉಣ್ಣುವವರ ಪಂಕ್ತಿ ಮಾತ್ರ ಬೇರೆ ಬೇರೆಯಾಗಿಯೇ ಉಳಿಯಿತು.

ಫಕೀರರ ಬೆಟ್ಟಗಳ ಕಥೆ ಸ್ವಲ್ಪ ಬೇರೆ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಗುಹೆಯನ್ನು ಕೆಲವರು ದತ್ತಾತ್ರೇಯ ಪೀಠವೆಂದೂ ಕೆಲವರು ದಾದಾ ಹಯಾತರ ನೆಲೆಯೆಂದೂ ಕರೆದು ಶತಮಾನಗಳಿಂದ ಅಲ್ಲಿಗೆ ನಡೆದಿದ್ದಾರೆ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಅಲ್ಲಿ ಬಿತ್ತಿದರೆಂಬುದು ಐತಿಹ್ಯ. ಹೆಸರಿನ ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರುವ ಮೊದಲು ಆ ಗುಹೆಗೆ ಬಂದ ದಣಿದ ಯಾತ್ರಿಕನಿಗೆ ಬೇಕಾಗಿದ್ದುದು ಮಳೆ ಗಾಳಿಯಿಂದ ಒಂದು ಮರೆ ಮಾತ್ರ.

ಕೋಟೆ, ಬಂಗಲೆ, ಹಾಸ್ಟೆಲು

ಯುದ್ಧದ ಕಾಲದಲ್ಲಿ ಬೆಟ್ಟದ ಆಸರೆ ಸೈನಿಕರ ಪಾಲಾಯಿತು. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿಯ ಸೇನೆಗೂ ಇಂಗ್ಲಿಷರಿಗೂ ಘೋರ ಕಾಳಗ ನಡೆಯಿತು. ನಂದಿದುರ್ಗ 1791ರ ಅಕ್ಟೋಬರ್‌ನಲ್ಲಿ ಇಂಗ್ಲಿಷರ ವಶವಾಯಿತು. ಟಿಪ್ಪುವಿನ ಬೇಸಿಗೆಯ ತಂಗುದಾಣವಿದ್ದ ಆ ಬೆಟ್ಟದಲ್ಲಿ ಮುಂದೆ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳು ಎದ್ದವು. ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆ ಕಳೆದದ್ದು ಅಲ್ಲಿ. 1927ರಲ್ಲಿ ಕಾಯಿಲೆ ಬಿದ್ದಿದ್ದ ಗಾಂಧೀಜಿ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿ ಪಡೆದದ್ದೂ ಅಲ್ಲಿಯೇ. ಬಂಗಲೆಯ ಬಾಗಿಲು ಜಾತಿಯನ್ನು ಕೇಳದಿರಬಹುದು, ಹುದ್ದೆಯನ್ನು ಮಾತ್ರ ಕೇಳುತ್ತಿತ್ತು. ಬಂಗಲೆಗೆ ಸಾಮಾನು ಹೊತ್ತು ತಂದ ಕೂಲಿಯವನಿಗೆ ಮರದ ಬುಡವೇ ಗತಿ.

ಹಣವಿಲ್ಲದವರಿಗೂ ಬೆಟ್ಟದಲ್ಲಿ ಹಾಸಿಗೆ ಸಿಗಬೇಕೆಂಬ ಆಲೋಚನೆಗೆ ಸಂಸ್ಥೆಯ ರೂಪ ಕೊಟ್ಟವನು ಜರ್ಮನಿಯ ಒಬ್ಬ ಶಾಲಾ ಮಾಸ್ತರ, ರಿಚರ್ಡ್ ಶಿರ್ಮಾನ್. ಯುರೋಪಿನ ಬೆಟ್ಟಗಳಲ್ಲಿ ತಂಗುಮನೆ ಹೊಸದೇನಲ್ಲ. ಆಲ್ಪ್ಸ್‌ನ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಕ್ರೈಸ್ತ ಸನ್ಯಾಸಿಗಳು 11ನೆಯ ಶತಮಾನದಿಂದ ಹಿಮದ ದಾರಿಯ ಪ್ರಯಾಣಿಕರನ್ನು ಉಪಚರಿಸುತ್ತಿದ್ದರು. 1863ರಲ್ಲಿ ಹುಟ್ಟಿದ ಸ್ವಿಸ್ ಆಲ್ಪೈನ್ ಕ್ಲಬ್ ಪರ್ವತಾರೋಹಿಗಳಿಗಾಗಿ ಅದೇ ವರ್ಷ ಮೊದಲ ಗುಡಿಸಲು ಕಟ್ಟಿತು. ಶಿರ್ಮಾನನ ಚಿಂತೆ ಇದ್ದದ್ದು ಬಡವರ ಮಕ್ಕಳ ಬಗ್ಗೆ. 1909ರ ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳೊಂದಿಗೆ ನಡಿಗೆಗೆ ಹೊರಟಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ಮಲಗಬೇಕಾಯಿತು. ರಜೆಯಲ್ಲಿ ಬೀಗ ಹಾಕಿದ ಶಾಲೆಗಳನ್ನೆಲ್ಲ ನಡೆಯುವ ಮಕ್ಕಳಿಗೆ ಏಕೆ ತೆರೆಯಬಾರದು ಎಂದು ಅವನಿಗೆ ಹೊಳೆದದ್ದು ಆ ರಾತ್ರಿ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಶಾಶ್ವತವಾದ ಮೊದಲ ಯೂತ್ ಹಾಸ್ಟೆಲ್ ತೆರೆಯಿತು. ಆ ಚಳವಳಿ 1949ರಲ್ಲಿ ಮೈಸೂರಿನಲ್ಲೂ ಬೇರು ಬಿಟ್ಟಿತು. ಅಗ್ಗದ ದರದಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಬೆಟ್ಟಕ್ಕೆ ಕರೆದೊಯ್ದ ಕೀರ್ತಿ ಯೂತ್ ಹಾಸ್ಟೆಲ್ಸ್ ಸಂಘಕ್ಕೆ ಸಲ್ಲಬೇಕು.

ಭಟ್ಟರ ಮನೆ, ಆನ್‌ಲೈನ್ ಚೀಟಿ

ಇಂದು ಕರ್ನಾಟಕದಲ್ಲಿ ಬೆಟ್ಟದ ಆಸರೆ ಎಂದೊಡನೆ ಚಾರಣಿಗರಿಗೆ ನೆನಪಾಗುವುದು ಕುಮಾರ ಪರ್ವತದ ದಾರಿಯ ಗಿರಿಗದ್ದೆ. 1712 ಮೀಟರ್ ಎತ್ತರದ ಆ ಶಿಖರಕ್ಕೆ ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತುವಾಗ ಕಾಡಿನ ನಡುವೆ ಒಂದು ಕೃಷಿಕ ಕುಟುಂಬದ ಮನೆಯಿದೆ. ‘ಭಟ್ಟರ ಮನೆ’ ಎಂದೇ ಅದು ಪ್ರಸಿದ್ಧ. ದಶಕಗಳ ಕಾಲ ಅಲ್ಲಿ ಬಂದವರಿಗೆ ಅಲ್ಪ ಹಣಕ್ಕೆ ಬಿಸಿ ಅನ್ನ, ಸಾರು, ಮಜ್ಜಿಗೆ, ಮಲಗಲು ಅಂಗಳ ಸಿಕ್ಕಿದೆ. ಹೋಟೆಲೂ ಅಲ್ಲದ, ಛತ್ರವೂ ಅಲ್ಲದ ಒಂದು ಮನೆ ಅದು. ಇನ್ನೂ ಮೇಲೆ ಒಂದು ಕಲ್ಲು ಮಂಟಪವಿದೆ.

ಆದರೆ ಒಂದು ಮನೆ ಎಷ್ಟು ಜನರನ್ನು ತಾಳಿಕೊಂಡೀತು? 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ದೃಶ್ಯಗಳು ಹರಡಿದ ಮೇಲೆ ಸರಕಾರ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ, ಗುರುತಿನ ಚೀಟಿ, ಮುಂಗಡ ಹಣ ಎಲ್ಲವೂ ಜಾರಿಯಾದವು.

ಈ ನಿಯಮಗಳನ್ನು ನಾವು ವಿರೋಧಿಸುವುದಿಲ್ಲ. ಪ್ಲಾಸ್ಟಿಕ್ ರಾಶಿ ಕಂಡವರು, ಕಾಳ್ಗಿಚ್ಚಿನ ಸುದ್ದಿ ಓದಿದವರು ವಿರೋಧಿಸಲಾರರು. ಆದರೆ ಈ ಚೀಟಿ ಕೊಡುವುದು ಹಗಲಿನ ದಾರಿಯನ್ನು. ರಾತ್ರಿಯ ಆಸರೆಯ ಬಗ್ಗೆ ಅದಕ್ಕೆ ಹೇಳಲು ಏನೂ ಇಲ್ಲ. ಹಣವುಳ್ಳವರಿಗೆ ಬೆಟ್ಟದ ತಪ್ಪಲಿನಲ್ಲಿ ರೆಸಾರ್ಟುಗಳಿವೆ. ನಮ್ಮ ಹಳ್ಳಿಯ ಸರಕಾರಿ ಶಾಲೆಯ ಮಕ್ಕಳಿಗೆ ಏನಿದೆ? ಅದರಲ್ಲೂ ಹೆಣ್ಣುಮಕ್ಕಳ ಮಾತು ಬೇರೆಯೇ. “ಎಲ್ಲಿ ಮಲಗ್ತೀಯ? ಜೊತೆಗೆ ಯಾರಿರ್ತಾರೆ?” ಎಂಬ ಅಮ್ಮನ ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲದ ಕಾರಣಕ್ಕೇ ಬೆಟ್ಟ ನೋಡದೆ ಉಳಿದ ಹುಡುಗಿಯರು ನಮ್ಮೂರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ನಂಬಿಕೆಯ ಒಂದು ಸೂರು ಇದ್ದಿದ್ದರೆ ಅವರೂ ಹೋಗುತ್ತಿದ್ದರು.

ಹುಣ್ಣಿಮೆಯ ಉತ್ತರ

ಈ ಪ್ರಶ್ನೆಗೆ ಒಂದು ಉತ್ತರ ಕೋಲಾರದ ಬೆಟ್ಟದಲ್ಲೇ ಸಿಕ್ಕಿದ್ದು ನಮಗೆ ಹೆಮ್ಮೆ. 2000ದ ದಶಕದ ನಡುವಿನಲ್ಲಿ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ದಲಿತ ಚಳವಳಿಯ ಅವರ ಸಂಗಾತಿಗಳು ತೇರಹಳ್ಳಿ ಬೆಟ್ಟದ ಶಿವಗಂಗೆಯಲ್ಲಿ ‘ಆದಿಮ’ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದರು. ಅಲ್ಲಿ ಪ್ರತಿ ಹುಣ್ಣಿಮೆಯಂದು ನಡೆಯುತ್ತಾ ಬಂದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಗಳ ಸಂಖ್ಯೆ ನೂರನ್ನು ದಾಟಿದೆ. ಬಯಲಿನ ಊರುಗಳಿಂದ ಜನ ಬೆಟ್ಟ ಹತ್ತಿ ಬಂದು ತಮಟೆ ಕೇಳಿ, ನಾಟಕ ನೋಡಿ, ತಿಂಗಳ ಬೆಳಕಿನಲ್ಲಿ ಊಟ ಮಾಡಿದ್ದಾರೆ.

ನಾವೂ ಗೆಳೆಯರೊಂದಿಗೆ ಒಂದು ಹುಣ್ಣಿಮೆಗೆ ಹೋಗಿದ್ದೆವು. ನಮ್ಮಲ್ಲಿ ಒಬ್ಬರು ಬದಿಯ ಬಂಡೆಯ ಮೇಲೆ ಇಶಾ ನಮಾಜು ಮುಗಿಸಿ ಬಂದು ಸಾಲಿನಲ್ಲಿ ತಟ್ಟೆ ಹಿಡಿದು ನಿಂತರು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಊರು ಕೇರಿ ವಿಚಾರಿಸಲಿಲ್ಲ. ನೀರಿನ ಒಂದೇ ಲೋಟ ಕೈಯಿಂದ ಕೈಗೆ ದಾಟಿತು. ಇಬ್ನ್ ಬತೂತ ಕಂಡ ಮರದ ಮನೆಯಲ್ಲಿ ಇಲ್ಲದಿದ್ದದ್ದು ಆ ಲೋಟ.

ನಮ್ಮೂರಿನ ಹಿರಿಯರು ಕೇಳಿದ ಪ್ರಶ್ನೆಗೆ ಈಗ ಹೀಗೆ ಹೇಳಬಹುದು: ಹಿಂದೆ ಬೆಟ್ಟದಲ್ಲಿ ಮಲಗಲು ದುಡ್ಡು ಕೇಳುತ್ತಿರಲಿಲ್ಲ, ಜಾತಿ ಕೇಳುತ್ತಿದ್ದರು. ಈಗ ಜಾತಿ ಕೇಳುವುದಿಲ್ಲ, ದುಡ್ಡು ಕೇಳುತ್ತಾರೆ. ಎರಡನ್ನೂ ಕೇಳದ ಸೂರು ಸಾಧ್ಯವೆಂದು ಬೆಟ್ಟದ ಮೇಲಿನ ಊರೊಂದು ತೋರಿಸಿದೆ. ಅರಣ್ಯ ಇಲಾಖೆಯೂ ಗ್ರಾಮ ಪಂಚಾಯಿತಿಗಳೂ ಮನಸ್ಸು ಮಾಡಿದರೆ ತೇರಹಳ್ಳಿ, ಆವಣಿಯಂತಹ ಊರುಗಳಲ್ಲಿ ಒಂದೊಂದು ಸರಳ ತಂಗುಮನೆ ನಡೆಸುವುದು ಕಷ್ಟವಲ್ಲ. ಗಟ್ಟಿಯಾದ ಮಾಡು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಚಿಲಕವಿರುವ ಕೋಣೆ, ಶೌಚಾಲಯ, ಊರಿನ ಮಹಿಳೆಯರು ಬಡಿಸುವ ರಾಗಿಮುದ್ದೆ ಸಾರು ಇದ್ದರೆ ಸಾಕು. ಆಗ ಕ್ಯಾಲನೂರಿನ ಹುಡುಗಿಯೊಬ್ಬಳು ಅಮ್ಮನ ಎರಡೂ ಪ್ರಶ್ನೆಗಳಿಗೆ ಉತ್ತರ ಹೇಳಿ ಬೆಟ್ಟ ಹತ್ತಬಹುದು.