ಬ್ರೇಕಿಗೆ ಹೆಗಲುಕೊಟ್ಟ ಗಾಳಿ

ಗಾಳಿಗೂ ಭಾರವುಂಟೆಂದು ಇಟಲಿಯ ಟಾರಿಚೆಲ್ಲಿ 1643ರಲ್ಲಿ ಪಾದರಸದ ನಳಿಗೆಯಿಂದ ತೋರಿಸಿಕೊಟ್ಟನು. ಆ ಭಾರವನ್ನು ಮೋಟಾರು ಕಾರಿನ ಬ್ರೇಕಿಗೆ ದುಡಿಸಿಕೊಳ್ಳಲು ಹೆಚ್ಚುಕಡಿಮೆ ಮುನ್ನೂರು ವರ್ಷ ಬೇಕಾಯಿತು. 1920ರ ದಶಕದಲ್ಲಿ ಬೆಲ್ಜಿಯಂನ ಆಲ್ಬರ್ಟ್ ಡೆವಾಂದ್ರ್ ನಿರ್ವಾತದಿಂದ ನಡೆಯುವ ಬ್ರೇಕ್ ಸಹಾಯಕವನ್ನು ರೂಪಿಸಿದನು. 1928ರಲ್ಲಿ ಅಮೆರಿಕದ ಪಿಯರ್ಸ್ ಆರೋ ಕಾರು ಅಂಥದೊಂದನ್ನು ಹೊತ್ತು ಬಂದಿತು. ಎಂಜಿನ್ನು ಉಸಿರೆಳೆದುಕೊಳ್ಳುವ ಕಡೆ ಗಾಳಿ ವಿರಳವಾಗುತ್ತದೆ. ಅಲ್ಲಿಂದ ಒಂದು ರಬ್ಬರ್ ಕೊಳವೆ ಬೂಸ್ಟರಿನ ಡಬ್ಬಿಗೆ ಹೋಗುತ್ತದೆ. ಪೆಡಲನ್ನು ಒತ್ತಿದೊಡನೆ ಡಬ್ಬಿಯೊಳಗಿನ ಪರದೆಯ ಒಂದು ಬದಿಗೆ ಹೊರಗಾಳಿ ನುಗ್ಗಿ, ಕಾಲಿನ ಬಲಕ್ಕೆ ತನ್ನ ಬಲವನ್ನು ಕೂಡಿಸುತ್ತದೆ.

ಇದು ಮೊದಲಿಗೆ ಸಿರಿವಂತರ ಸುಖವಾಗಿತ್ತು. ಅದನ್ನು ಅಗತ್ಯವಾಗಿಸಿದ್ದು ಡಿಸ್ಕ್ ಬ್ರೇಕು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಗೆದ್ದ ಜಾಗ್ವಾರಿನಲ್ಲಿ ಡಿಸ್ಕ್ ಬ್ರೇಕುಗಳಿದ್ದವು. 1959ರಲ್ಲಿ ಬಂದ ಜಾಗ್ವಾರ್ ಮಾರ್ಕ್ 2 ಅವನ್ನು ನಾಲ್ಕು ಚಕ್ರಗಳಿಗೂ ತೊಡಿಸಿತು. ಡ್ರಮ್ ಬ್ರೇಕಿನ ಶೂ ಒಮ್ಮೆ ತಗುಲಿದರೆ ಸುತ್ತುವ ಡ್ರಮ್ಮೇ ಅದನ್ನು ಎಳೆದು ಬಿಗಿಗೊಳಿಸಬಲ್ಲದು. ಡಿಸ್ಕಿಗೆ ಆ ಉಪಕಾರಬುದ್ಧಿಯಿಲ್ಲ.

ಇಂಥ ಕಾರುಗಳನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡಿರುವವರಿಗೆ ತೊಡಕಾಗುವುದು ಆ ಕೊಳವೆಯೇ. ಒಳಗಿನ ಅಳತೆ ಹೊಂದಿತೆಂದು ರೇಡಿಯೇಟರಿನ ನೀರಿನ ಪೈಪನ್ನು ಕತ್ತರಿಸಿ ಹಾಕುವುದುಂಟು. ಅದು ಒಳಗಿನಿಂದ ಹೊರಕ್ಕೆ ಒತ್ತುವ ನೀರಿಗಾಗಿ ಹುಟ್ಟಿದ್ದು. ಇಲ್ಲಿಯಾದರೋ ವಾಯುಮಂಡಲ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಿಂದ ಹೊರಗಿನಿಂದ ಅದುಮುತ್ತದೆ. ಎಂಜಿನ್ನಿನ ಕಾವಿಗೆ ಮೆತ್ತಗಾದ ಪೈಪು ಚಪ್ಪಟೆಯಾದರೆ ನಿರ್ವಾತದ ದಾರಿ ಮುಚ್ಚಿ, ಪೆಡಲು ಕಲ್ಲಾಗುತ್ತದೆ. ಒಳಪದರ ಮಾತ್ರ ಬಿಟ್ಟುಕೊಂಡು ಮುಚ್ಚಳದಂತೆ ಅಡ್ಡಬೀಳುವುದು ಇನ್ನೂ ಕೇಡು: ಹೊರಗೆ ನೋಡಿದರೆ ಏನೂ ಆಗಿರುವುದಿಲ್ಲ. ಪೆಟ್ರೋಲಿನ ಆವಿ, ಎಣ್ಣೆಯ ಪಸೆಯೂ ಈ ದಾರಿಗೆ ಬರುತ್ತವೆ. ಮರದ ಹಾಲಿನ ರಬ್ಬರು ಅವಕ್ಕೆ ಉಬ್ಬುತ್ತದೆ. ತಾಳಬಲ್ಲ ಕೃತಕ ರಬ್ಬರುಗಳು ಬಂದದ್ದು 1930ರ ದಶಕದಲ್ಲಿ. ಆದ್ದರಿಂದ ಬ್ರೇಕಿನ ನಿರ್ವಾತಕ್ಕೆಂದೇ ಮಾಡಿದ, ನೂಲಿನ ಬಲವುಳ್ಳ ಗಟ್ಟಿಗೋಡೆಯ ಕೊಳವೆಯನ್ನೇ ಕೇಳಿ ಪಡೆಯಬೇಕು.

ಕೆಲವು ಕಾರುಗಳಲ್ಲಿ ಒಮ್ಮುಖ ಕವಾಟವು ಕೊಳವೆಯೊಳಗೇ ಅಡಗಿರುತ್ತದೆ. ಎಂಜಿನ್ನು ನಿಂತಮೇಲೂ ಒಂದೆರಡು ಸಲ ಬ್ರೇಕು ಹಿಡಿಯುವಷ್ಟು ನಿರ್ವಾತವನ್ನು ಕಾಯುವುದು ಅದೇ. ಹಳೆಯದನ್ನು ಎಸೆಯುವ ಮುನ್ನ ಸೀಳಿ ನೋಡುವುದು ಒಳ್ಳೆಯದು. ಮೂಲದ ಬಿಡಿಭಾಗವೇ ಆಗಬೇಕೆಂಬ ಹಟ ನನಗೆ ಅರ್ಥವಾಗುತ್ತದೆ. ಆದರೆ ಅರವತ್ತು ವರ್ಷ ಕಪಾಟಿನಲ್ಲಿ ಮಲಗಿದ್ದ ಕೊಳವೆಗೆ ಅಲ್ಲಿಯೇ ಗೌರವ. ಹೊಸದನ್ನು ಜೋಡಿಸಿದಮೇಲೆ, ನಿಂತ ಎಂಜಿನ್ನಿನಲ್ಲಿ ಪೆಡಲು ಬಿಗಿಯಾಗುವವರೆಗೆ ನಾಲ್ಕಾರು ಸಲ ತುಳಿದು, ಪಾದವನ್ನು ಅಲ್ಲಿಯೇ ಊರಿ ಎಂಜಿನ್ನನ್ನು ಚಾಲೂ ಮಾಡಬೇಕು. ಪೆಡಲು ಪಾದದಡಿ ತುಸು ತಗ್ಗಿದರೆ ಗಾಳಿ ಕೆಲಸಕ್ಕೆ ಬಂದಿದೆಯೆಂದು ಅರ್ಥ.