ವೇರಿಯಬಲ್ ಉಲ್ಲೇಖಗಳ ಹುಡುಕಾಟ

'''ವೇರಿಯಬಲ್ ಉಲ್ಲೇಖಗಳ ಹುಡುಕಾಟ''' ಎಂಬುದು ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಒಂದು ವೇರಿಯಬಲ್ (ಚರಾಕ್ಷರ, ಚಲಕ) ಎಲ್ಲೆಲ್ಲಿ ಘೋಷಿತವಾಗಿದೆ, ಎಲ್ಲೆಲ್ಲಿ ಅದಕ್ಕೆ ಬೆಲೆ ನೀಡಲಾಗಿದೆ ಮತ್ತು ಎಲ್ಲೆಲ್ಲಿ ಅದನ್ನು ಬಳಸಲಾಗಿದೆ ಎಂಬುದನ್ನು ಪತ್ತೆಹಚ್ಚುವ ಕ್ರಿಯೆ. ಇಂದಿನ ಬಹುತೇಕ ಕೋಡ್ ಎಡಿಟರ್‌ಗಳಲ್ಲಿ ಈ ಸೌಲಭ್ಯವಿದೆ. ಇದು ಮೇಲ್ನೋಟಕ್ಕೆ ಸಾಮಾನ್ಯ ಪದಶೋಧದಂತೆ ಕಂಡರೂ ಎರಡರ ತತ್ವ ಬೇರೆ. ಪದಶೋಧವು ಅಕ್ಷರಗಳನ್ನು ಹೋಲಿಸುತ್ತದೆ. ಉಲ್ಲೇಖ ಹುಡುಕಾಟವು ಆ ಅಕ್ಷರಗಳು ಯಾವ ವಸ್ತುವನ್ನು ಸೂಚಿಸುತ್ತವೆ ಎಂಬುದನ್ನು ನೋಡುತ್ತದೆ.

ಕನ್ನಡ ಓದುಗರಿಗೆ ಇದರ ಹತ್ತಿರದ ಹೋಲಿಕೆಯೆಂದರೆ ಹಳಗನ್ನಡ ಕಾವ್ಯಗಳ ಸಂಪಾದಿತ ಆವೃತ್ತಿಗಳ ಕೊನೆಯಲ್ಲಿರುವ ಪದಸೂಚಿ. ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದನ್ನು ತೋರಿಸುವ 'ವಚನ ಸಂಚಯ' ಜಾಲತಾಣವೂ ಇದೇ ಬಗೆಯ ಉಪಕರಣ. ಆದರೆ ಪದಸೂಚಿಯನ್ನು ತಯಾರಿಸುವ ವಿದ್ವಾಂಸರು 'ಅರಸು' ಎಂಬುದು ನಾಮಪದವೋ ಕ್ರಿಯಾಪದವೋ ಎಂದು ಸಂದರ್ಭ ನೋಡಿ ಬೇರ್ಪಡಿಸುತ್ತಾರೆ. ಎಡಿಟರ್ ಮಾಡಬೇಕಾದುದೂ ಇದೇ ಬೇರ್ಪಡಿಸುವ ಕೆಲಸವನ್ನು.

== ಒಂದು ಉದಾಹರಣೆ ==

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಹೆಸರಾದದ್ದು. ಆ ತಾಲ್ಲೂಕಿನ ಯಲ್ದೂರು ಹೋಬಳಿಯ ಬೆಳೆಗಾರನೊಬ್ಬನ ತೋತಾಪುರಿ ಮಾವಿನ ಲೆಕ್ಕಕ್ಕಾಗಿ ಬರೆದ ಪ್ರೋಗ್ರಾಮಿನ ಒಂದು ಭಾಗ ಹೀಗಿದೆ ಎಂದು ಕಲ್ಪಿಸಿಕೊಳ್ಳಬಹುದು (ಬೆಲೆ ಮತ್ತು ತೂಕಗಳು ಕಾಲ್ಪನಿಕ). ಇದು ಪೈಥಾನ್ ಭಾಷೆಯಲ್ಲಿದೆ. 2008ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪೈಥಾನ್ 3.0 ಆವೃತ್ತಿಯಿಂದ ಈ ಭಾಷೆಯಲ್ಲಿ ವೇರಿಯಬಲ್‌ಗಳಿಗೆ ಕನ್ನಡದ ಹೆಸರುಗಳನ್ನೇ ಇಡಬಹುದಾಗಿದೆ.

 ಬೆಲೆ = 18
 ಬೆಲೆಪಟ್ಟಿ = [18, 22, 45]
 ತೂಕ = 640
 ಬೆಲೆ = 22   # ಮಧ್ಯಾಹ್ನದ ಹರಾಜಿನ ನಂತರದ ಬೆಲೆ
 ಒಟ್ಟು = ಬೆಲೆ * ತೂಕ

ಇಲ್ಲಿ 'ಬೆಲೆ' ಎಂಬ ಅಕ್ಷರಸರಣಿಯನ್ನು ಪದಶೋಧದ ಮೂಲಕ ಹುಡುಕಿದರೆ ಐದು ಫಲಿತಾಂಶಗಳು ದೊರೆಯುತ್ತವೆ. ಅವುಗಳಲ್ಲಿ ಒಂದು 'ಬೆಲೆಪಟ್ಟಿ' ಎಂಬ ಬೇರೆಯದೇ ವೇರಿಯಬಲ್‌ನ ಭಾಗ. ಇನ್ನೊಂದು ಟಿಪ್ಪಣಿಯಲ್ಲಿರುವ ಮಾತು. ಉಲ್ಲೇಖ ಹುಡುಕಾಟವು ಒಂದನೆಯ, ನಾಲ್ಕನೆಯ ಮತ್ತು ಐದನೆಯ ಸಾಲುಗಳನ್ನು ಮಾತ್ರ ತೋರಿಸುತ್ತದೆ. ಇವುಗಳಲ್ಲಿ ಮೊದಲೆರಡು ಬೆಲೆಯನ್ನು ಬರೆಯುವ ಸ್ಥಳಗಳು, ಕೊನೆಯದು ಓದುವ ಸ್ಥಳ. ಈ ಭೇದವನ್ನೂ ಕೆಲವು ಎಡಿಟರ್‌ಗಳು ಬಣ್ಣದಿಂದಲೋ ಪ್ರತ್ಯೇಕ ಗುಂಪುಗಳಿಂದಲೋ ಸೂಚಿಸುತ್ತವೆ. ಲೆಕ್ಕ ತಪ್ಪಿದಾಗ ಮೊದಲು ನೋಡಬೇಕಾದವು ಬರೆಯುವ ಸ್ಥಳಗಳೇ.

ಈ ವೇರಿಯಬಲ್‌ಗೆ 'ದರ' ಎಂದು ಹೊಸ ಹೆಸರಿಡಲು ಹೊರಟವರು ಕೈಯಿಂದಲೇ ತಿದ್ದುತ್ತಾ ನಾಲ್ಕನೆಯ ಸಾಲನ್ನು ಮರೆತರೆ ಏನಾಗುತ್ತದೆ? ಪೈಥಾನ್ ಯಾವ ದೋಷವನ್ನೂ ವರದಿ ಮಾಡುವುದಿಲ್ಲ. 'ಬೆಲೆ = 22' ಎಂಬುದು ಯಾರೂ ಓದದ ಹೊಸ ವೇರಿಯಬಲ್ಲಾಗಿ ಉಳಿದುಬಿಡುತ್ತದೆ. ಒಟ್ಟು ಮೊತ್ತ 14,080 ರೂಪಾಯಿಗಳ ಬದಲು 11,520 ಎಂದು ಬರುತ್ತದೆ. ರೈತನಿಗೆ 2,560 ರೂಪಾಯಿ ನಷ್ಟವಾದರೂ ಪರದೆಯ ಮೇಲೆ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಇದಕ್ಕೆ ಬದಲಾಗಿ ಪದಶೋಧದ 'ಎಲ್ಲವನ್ನೂ ಬದಲಿಸು' ಗುಂಡಿಯನ್ನು ಒತ್ತಿದರೆ 'ಬೆಲೆಪಟ್ಟಿ'ಯೂ 'ದರಪಟ್ಟಿ'ಯಾಗಿ, ಆ ಪಟ್ಟಿಯನ್ನು ಹಳೆಯ ಹೆಸರಿನಿಂದ ಕರೆಯುವ ಬೇರೆ ಕಡತಗಳು ನಿಂತುಹೋಗುತ್ತವೆ. ಎರಡನೆಯ ತಪ್ಪು ಕೂಡಲೇ ಬಯಲಾಗುವುದರಿಂದ ಅದನ್ನು ಸಣ್ಣದೆನ್ನಬೇಕು, ಮೊದಲನೆಯದು ಸದ್ದಿಲ್ಲದ್ದು.

== ಇತಿಹಾಸ ==

1973ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ ಬರೆದ 'ಗ್ರೆಪ್' ಇಂದಿಗೂ ಬಳಕೆಯಲ್ಲಿರುವ ಪದಶೋಧ ಉಪಕರಣ. ಅದಕ್ಕೆ ಪ್ರೋಗ್ರಾಮಿನ ವ್ಯಾಕರಣ ತಿಳಿಯದು. ಬರ್ಕ್ಲಿ ಯೂನಿಕ್ಸ್‌ನಲ್ಲಿ ಕೆನ್ ಆರ್ನಾಲ್ಡ್ ರಚಿಸಿದ 'ಸಿಟ್ಯಾಗ್ಸ್' ಹೆಸರುಗಳು ಎಲ್ಲಿ ನಿರೂಪಿತವಾಗಿವೆ ಎಂಬುದರ ಸೂಚಿಯನ್ನು ತಯಾರಿಸುತ್ತಿತ್ತು. ಬಳಕೆಯ ಸ್ಥಳಗಳು ಅದರಲ್ಲಿರಲಿಲ್ಲ. 1980ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಜೋ ಸ್ಟೆಫನ್ ಬರೆದ 'ಸಿಸ್ಕೋಪ್' ಬಳಕೆಯ ಸ್ಥಳಗಳನ್ನೂ ಹುಡುಕಿಕೊಟ್ಟಿತು. 2001ರಲ್ಲಿ ಬಂದ ಇಂಟೆಲಿಜೆ ಐಡಿಯಾ ಮತ್ತು ಎಕ್ಲಿಪ್ಸ್‌ಗಳ ನಂತರ ಇದು ಸಾಮಾನ್ಯ ಪ್ರೋಗ್ರಾಮರನ ನಿತ್ಯದ ಸಾಧನವಾಯಿತು.

ಆದರೂ ಪ್ರತಿಯೊಂದು ಎಡಿಟರ್ ಪ್ರತಿಯೊಂದು ಭಾಷೆಯನ್ನೂ ತಾನೇ ಕಲಿಯಬೇಕಾಗಿತ್ತು. ಈ ತೊಡಕನ್ನು ನೀಗಿಸಲು 2016ರ ಜೂನ್‌ನಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು 'ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್' ಎಂಬ ಸಾಮಾನ್ಯ ಒಪ್ಪಂದವನ್ನು ಪ್ರಕಟಿಸಿದವು. ಭಾಷೆಯ ಜ್ಞಾನವೆಲ್ಲ 'ಲ್ಯಾಂಗ್ವೇಜ್ ಸರ್ವರ್' ಎಂಬ ಬೇರೆ ಪ್ರೋಗ್ರಾಮಿನಲ್ಲಿರುತ್ತದೆ. ಎಡಿಟರ್ ಅದಕ್ಕೆ ಕಡತದ ಹೆಸರು, ಸಾಲು ಮತ್ತು ಸ್ಥಾನವನ್ನು ತಿಳಿಸಿ ಉಲ್ಲೇಖಗಳನ್ನು ಕೇಳುತ್ತದೆ. ಸರ್ವರ್ ಸ್ಥಳಗಳ ಪಟ್ಟಿಯನ್ನು ಹಿಂದಿರುಗಿಸುತ್ತದೆ.

== ಕಾರ್ಯವಿಧಾನ ==

ಸರ್ವರ್ ಮೊದಲು ಪ್ರೋಗ್ರಾಮನ್ನು ಪದಗಳಾಗಿ ಒಡೆದು ಅದರ ವಾಕ್ಯರಚನೆಯ ವೃಕ್ಷವನ್ನು ಕಟ್ಟುತ್ತದೆ. ನಂತರ ಪ್ರತಿಯೊಂದು ಹೆಸರನ್ನೂ ಅದರ ಘೋಷಣೆಗೆ ಜೋಡಿಸುತ್ತದೆ. ಇಲ್ಲಿ ಮುಖ್ಯವಾದುದು '''ವ್ಯಾಪ್ತಿ'''. ಒಂದು ಫಂಕ್ಷನ್ನಿನ ಒಳಗಿನ 'ಮೊತ್ತ'ವೂ ಇನ್ನೊಂದರ ಒಳಗಿನ 'ಮೊತ್ತ'ವೂ ಒಂದೇ ಹೆಸರಿನ ಬೇರೆ ಬೇರೆ ವಸ್ತುಗಳು; ಒಂದೇ ಊರಿನಲ್ಲಿ ಇಬ್ಬರು ನಾರಾಯಣಸ್ವಾಮಿಗಳಿರುವಂತೆ. ಅಂಚೆಯವನಿಗೆ ಮನೆ ಗೊತ್ತಿರಬೇಕು. ಒಳ ವ್ಯಾಪ್ತಿಯ ಹೆಸರು ಹೊರಗಿನದನ್ನು ಮರೆಮಾಡುವ ಸಂದರ್ಭಗಳಲ್ಲಿ ಹೊಸಬರು ಎಡವುವುದು ಹೆಚ್ಚು. ಅಂಥ ಕಡೆ ಈ ಸೌಲಭ್ಯವು ಪಠ್ಯಪುಸ್ತಕದ ವಿವರಣೆಗಿಂತ ಬೇಗ ವಿಷಯವನ್ನು ಮನಗಾಣಿಸುತ್ತದೆ.

ವಿಷುವಲ್ ಸ್ಟುಡಿಯೋ ಕೋಡ್‌ನಲ್ಲಿ ಹೆಸರಿನ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಮತ್ತು ಎಫ್12 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಉಲ್ಲೇಖಗಳು ಅಲ್ಲೇ ತೆರೆದುಕೊಳ್ಳುತ್ತವೆ. ಎಫ್12 ಮಾತ್ರ ಒತ್ತಿದರೆ ನಿರೂಪಣೆಗೆ ಹೋಗಬಹುದು. ಎಫ್2 ಎಲ್ಲ ಉಲ್ಲೇಖಗಳ ಹೆಸರನ್ನೂ ಒಮ್ಮೆಗೇ ಬದಲಿಸುತ್ತದೆ. ಇಂಟೆಲಿಜೆ ಐಡಿಯಾದಲ್ಲಿ ಆಲ್ಟ್ ಮತ್ತು ಎಫ್7, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಜಿ. ಕಡತವೊಂದನ್ನೇ ತೆರೆಯದೆ ಇಡೀ ಫೋಲ್ಡರನ್ನು ತೆರೆಯುವುದು ಅಗತ್ಯ. ಇಲ್ಲವಾದರೆ ಉಳಿದ ಕಡತಗಳಲ್ಲಿನ ಬಳಕೆಗಳು ಪಟ್ಟಿಗೆ ಬಾರದೆ ಹೋಗಬಹುದು. ಜೀನಿ ಎಡಿಟರಿನ ಇಂಥದೇ ಹೆಸರಿನ ಸೌಲಭ್ಯವು ವಾಸ್ತವವಾಗಿ ಪದಶೋಧವೇ ಆಗಿದೆ.

== ಕನ್ನಡ ಹೆಸರುಗಳ ತೊಡಕು ==

ಕನ್ನಡ ಲಿಪಿಯ ವೇರಿಯಬಲ್‌ಗಳಲ್ಲಿ ಪದಶೋಧ ಮತ್ತು ಉಲ್ಲೇಖ ಹುಡುಕಾಟಗಳ ಅಂತರ ಇನ್ನಷ್ಟು ಸ್ಪಷ್ಟವಾಗುತ್ತದೆ. ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ ವ್ಯವಸ್ಥೆಯು ಕನ್ನಡದ ವ್ಯಂಜನಗಳನ್ನು ಅಕ್ಷರಗಳೆಂದು ಒಪ್ಪಿದರೂ ಸ್ವರಚಿಹ್ನೆಗಳನ್ನು ಒಪ್ಪುವುದಿಲ್ಲ. ಹೀಗಾಗಿ 'ದಿನ' ಎಂಬ ಪೂರ್ಣಪದವನ್ನು ಹುಡುಕಿದರೆ 'ದಿನಾಂಕ'ವೂ ಸಿಕ್ಕಿಬೀಳುತ್ತದೆ: ನಕಾರದ ಮುಂದಿನ ದೀರ್ಘದ ಚಿಹ್ನೆಯನ್ನು ಯಂತ್ರ ಪದದ ಕೊನೆಯೆಂದು ಭಾವಿಸುತ್ತದೆ. ಕಾಗುಣಿತ ಬಲ್ಲ ಮಗುವೂ ಮಾಡದ ತಪ್ಪು ಇದು.

ಯೂನಿಕೋಡ್‌ನಲ್ಲಿ 'ತೋತಾಪುರಿ'ಯ 'ತೋ' ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಚಿಹ್ನೆ ಮತ್ತು ದೀರ್ಘಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಹೆಸರುಗಳನ್ನು ಏಕರೂಪಕ್ಕೆ ತಂದು ಎರಡನ್ನೂ ಒಂದೇ ವೇರಿಯಬಲ್ ಎಂದು ಪರಿಗಣಿಸುತ್ತದೆ. ಸಂಕೇತಗಳನ್ನು ಇದ್ದಂತೆಯೇ ಹೋಲಿಸುವ ಪದಶೋಧಕ್ಕೆ ಒಂದು ಸಿಕ್ಕಿದರೆ ಇನ್ನೊಂದು ಸಿಗದು. ಜಾವಾಸ್ಕ್ರಿಪ್ಟ್ ಹೀಗೆ ಏಕರೂಪಗೊಳಿಸುವುದಿಲ್ಲ. ಒತ್ತಕ್ಷರವನ್ನು ತಡೆಯಲು ಅಥವಾ ರಕಾರದ ರೂಪವನ್ನು ಬದಲಿಸಲು ನಾವು ಬಳಸುವ ಅಗೋಚರ ಚಿಹ್ನೆಗಳನ್ನೂ ಅದು ಹೆಸರಿನಲ್ಲಿ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಒಂದೇ ರೀತಿ ಕಾಣುವ ಎರಡು ಹೆಸರುಗಳು ಅಲ್ಲಿ ನಿಜವಾಗಿಯೂ ಎರಡು ವೇರಿಯಬಲ್‌ಗಳಾಗಿರಬಹುದು. ಕಣ್ಣಿಗೆ ಕಾಣುವ ಬಳಕೆಯೊಂದು ಉಲ್ಲೇಖಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಈ ಕಾರಣವನ್ನು ಶಂಕಿಸಬೇಕು. ಪೈಥಾನ್ ಅಂಥ ಅಗೋಚರ ಚಿಹ್ನೆಯುಳ್ಳ ಹೆಸರನ್ನು ದೋಷವೆಂದು ತಿರಸ್ಕರಿಸುತ್ತದೆ. ಗೋ ಭಾಷೆಯಲ್ಲಂತೂ ಸ್ವರಚಿಹ್ನೆಗಳಿಗೇ ಅವಕಾಶವಿಲ್ಲದ ಕಾರಣ 'ಬೆಲೆ' ಎಂಬ ಸರಳ ಹೆಸರನ್ನೂ ಇಡುವಂತಿಲ್ಲ.

== ಮಿತಿಗಳು ==

ಟಿಪ್ಪಣಿಗಳಲ್ಲಿ ಬಂದ ಹೆಸರು ಉಲ್ಲೇಖವಲ್ಲ. ಮೇಲಿನ ಉದಾಹರಣೆಯಲ್ಲಿ ಹೆಸರು 'ದರ' ಆದ ಮೇಲೂ ಟಿಪ್ಪಣಿಯಲ್ಲಿ 'ಬೆಲೆ' ಎಂದೇ ಉಳಿಯುವುದು ಸಾಮಾನ್ಯ. ಉದ್ಧರಣ ಚಿಹ್ನೆಗಳ ನಡುವೆ ಪಠ್ಯವಾಗಿ ಬರೆದ ಹೆಸರಿನಿಂದ ಪ್ರೋಗ್ರಾಂ ಓಡುವಾಗಷ್ಟೇ ವೇರಿಯಬಲ್ಲನ್ನು ತಲುಪುವ ವಿಧಾನಗಳು ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿವೆ. ಅವು ಪಟ್ಟಿಗೆ ಬಾರದೆ ತಪ್ಪಿಸಿಕೊಳ್ಳುತ್ತವೆ. ಸಿ ಭಾಷೆಯ ಮ್ಯಾಕ್ರೋಗಳಿಂದ ಹುಟ್ಟುವ ಹೆಸರುಗಳೂ ತೊಡಕಿನವೇ. ಇಂಥ ಕಡೆಗಳಲ್ಲಿ ಹಳೆಯ ಪದಶೋಧವನ್ನೂ ಜೊತೆಗೆ ನಡೆಸಿ, ಎರಡು ಪಟ್ಟಿಗಳ ನಡುವಣ ವ್ಯತ್ಯಾಸವನ್ನು ಸಾಲುಸಾಲಾಗಿ ಓದುವುದು ರೂಢಿಯಲ್ಲಿದೆ.