ಗಾಡಿ ನಮ್ಮದು, ಮಾತು ಯಾರದು?

ದೊಡ್ಡ ಟೈರು ಹಾಕಿಸಿ, ಮೈಮಾಟವನ್ನೇ ಬದಲಿಸಿದ ಜೀಪು ಕಂಡಾಗ ಕೆಲವರು ಮೆಚ್ಚುತ್ತಾರೆ, ಕೆಲವರು ಬೈಯುತ್ತಾರೆ. ಕಾನೂನಿನ ಚರಿತ್ರೆ ಓದುವ ನನಗೆ ಇನ್ನೊಂದು ಪ್ರಶ್ನೆ ಕಾಡುತ್ತದೆ: ಗಾಡಿ ಹೇಗಿರಬೇಕೆಂದು ಹೇಳುವವರು ಯಾರು?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲು ಆ ಅಧಿಕಾರವನ್ನು ನೋಂದಣಿ ಪ್ರಾಧಿಕಾರಕ್ಕೆ ಕೊಟ್ಟಿತ್ತು. ಮಾಲೀಕರು ಮುಂಚೆಯೇ ತಿಳಿಸಿ, ಒಪ್ಪಿಗೆ ಪಡೆದು ಮಾರ್ಪಡಿಸಬಹುದಿತ್ತು. 2000ದ ತಿದ್ದುಪಡಿ ಅಳತೆಗೋಲನ್ನೇ ಬದಲಿಸಿತು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗಕೂಡದು ಎಂದಿತು. ಸಿಎನ್‌ಜಿ ಕಿಟ್‌ನಂಥ ಕೆಲವಕ್ಕಷ್ಟೇ ವಿನಾಯಿತಿ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಿತು.

ಇದಕ್ಕೆ ಕಾರಣವಿದೆ. ಬ್ರೇಕು, ಚಕ್ರ, ತೂಕ ಒಂದಕ್ಕೊಂದು ಹೊಂದುವಂತೆ ರೂಪಿಸಿದವು. ಒಂದನ್ನು ಬದಲಿಸಿದರೆ ಉಳಿದವುಗಳ ಲೆಕ್ಕ ತಪ್ಪುತ್ತದೆ. ಆ ತಪ್ಪಿಗೆ ಬೆಲೆ ತೆರುವವರು ಎದುರಿಗೆ ಬರುವ ಪಾದಚಾರಿಗಳೂ ಹೌದು.

ಆದರೆ ಪಕ್ಕಕ್ಕೆರಡು ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ಅಂಗವಿಕಲರ ಗಾಡಿಯೂ ಮಾರ್ಪಾಡಾದದ್ದೇ. 2019ರ ತಿದ್ದುಪಡಿ ಷರತ್ತುಗಳೊಂದಿಗೆ ಅವರಿಗೆ ದಾರಿ ಬಿಟ್ಟಿದೆ. ಒಬ್ಬರ ಮಾರ್ಪಾಡು ಮೆರೆಯಲು, ಇನ್ನೊಬ್ಬರದು ಮನೆಯಿಂದ ಹೊರಬರಲು. ತಪಾಸಣೆಗೆ ನಿಂತವರು ಈ ವ್ಯತ್ಯಾಸ ಕಾಣದಿದ್ದರೆ, ಕಾನೂನು ಕಾಯುವುದು ತಯಾರಕರ ನಕ್ಷೆಯನ್ನೇ ಹೊರತು ರಸ್ತೆಯ ಮೇಲಿನ ಜೀವವನ್ನಲ್ಲ.